ಚಿಗವ್ವನ ಕಿಸೆ ಯಾರದು?

ನಮ್ಮ ಚಿಗವ್ವನ ತಲೆ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಂದ್ ಇರುತ್ತದೆ. ಸುಳ್ಳೆನ್ನುವವರು ರಾಯಚೂರಿನಲ್ಲಿ ಆಕೆ ಕೆಲಸ ಮಾಡುವ ಟೇಲರ್ ಅಂಗಡಿಗೆ ಹೋಗಿ, ಕುಪ್ಪಸಕ್ಕೆ ಎಂಥ ತೋಳು ಇಡೋಣವೆಂದು ಕೇಳಿ ನೋಡಿ. ಕತ್ತರಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ರಸ್ತೆ ದಾಟಿ, ಎದುರಿನ ಚಹಾದಂಗಡಿ ಮುಂದೆ ನಿಂತು ವಿಚಾರ ಮಾಡಿ ಬಂದೇ ಉತ್ತರ ಹೇಳುತ್ತಾಳೆ. ಮಾಲಕನ ಸೂರಿನ ಕೆಳಗೆ ಒಂದೇ ಒಂದು ಹೊಸ ವಿಚಾರವೂ ಹುಟ್ಟಬಾರದು!

ಮೊದಲು ಹೀಗಿರಲಿಲ್ಲ. ಎಲ್ಲಕ್ಕೂ ಒಂದು ಕಿಸೆ ಕಾರಣ.

ಚಿಗವ್ವ ನಮ್ಮವ್ವನ ತಂಗಿ. ಮಾನ್ವಿಯಲ್ಲಿ ನಮ್ಮ ಜೊತೆಗೇ ಇದ್ದು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಹತ್ತಿ ಬಿಡಿಸುವ ಹೆಂಗಸರು ಮೊಬೈಲನ್ನು ಕುಪ್ಪಸದೊಳಗೆ ತುರುಕಿಕೊಂಡು, ಅದು ಬೆವರಿಗೆ ಕೆಟ್ಟುಹೋಗುವುದನ್ನು ನೋಡಿ ನೋಡಿ, ಒಂದು ದಿನ ಅಂಗಡಿಯಲ್ಲಿ ಲಂಗಕ್ಕೆ ಮುಚ್ಚಳವಿರುವ ಕಿಸೆ ಹೊಲಿದಳು. ಬಗ್ಗಿದರೂ ಫೋನು ಬೀಳದು. ಅಂಗಡಿ ಮುಂದೆ ಹೆಂಗಸರು ಸಾಲುಗಟ್ಟಿದರು. ಮಾಲಕ ಹಿಗ್ಗಿ, 'ನಮ್ಮ ಅಂಗಡಿಯ ಸ್ವಂತ ಶೋಧ' ಎಂದು ಬೋರ್ಡು ತೂಗುಹಾಕಿದ.

ಶೋಧ ತನ್ನದೆಂದು ಚಿಗವ್ವ ತಕರಾರು ತೆಗೆದಳು. ಮಾಲಕ ಕೆಟ್ಟ ಮನುಷ್ಯನಲ್ಲ, ಸಮಾಧಾನದಿಂದಲೇ ತಿಳಿಹೇಳಿದನಂತೆ.

"ಮಷೀನ್ ನಂದು, ಬಟ್ಟಿ ನಂದು, ನೀವು ಹೊಲಿದ ಹೊತ್ತೂ ನಂದು. ಕಿಸೆ ನಿಮ್ಮದು ಹ್ಯಾಂಗಾಗ್ತದ ಯವ್ವಾ?"

"ತಲಿ ಯಾರದ್ರೀ?"

"ಹತ್ತರಿಂದ ಆರರ ತನಕ ಅದೂ ಅಂಗಡೀದೇ."

ಮರುದಿನದಿಂದಲೇ ತಲೆ ಬಂದ್!

ಮದುವೆಗಳ ಕಾಲ ಬಂತು. ಚಿಗವ್ವ ರಸ್ತೆ ದಾಟಿ ಹೋದಾಗಲೆಲ್ಲ ಗಿರಾಕಿಗಳು ಕಾಯಬೇಕು. ಮಾಲಕ ಸೋತು, ಅಂಗಡಿ ಮೆಟ್ಟಿಲಾಚೆ ಒಂದು ಸ್ಟೂಲು ಹಾಕಿಸಿ, ಇಲ್ಲಿಯೇ ಕೂತು ವಿಚಾರ ಮಾಡಿರೆಂದ. ಸ್ಟೂಲು ಯಾರದೆಂದು ಚಿಗವ್ವ ಕೇಳಿದಳು. ತನ್ನದೇ ಎಂದ. ಹಾಗಾದರೆ ನಿಂತೇ ವಿಚಾರ ಮಾಡುವೆನೆಂದು ರಸ್ತೆ ದಾಟಿದಳು.

ಅನುಮಾನ ಒಮ್ಮೆ ಹೊಕ್ಕರೆ ಬಿಡುತ್ತದೆಯೇ? ಬಸ್ಸು ಸರ್ಕಾರದ್ದಲ್ಲವೇ, ಅದರಲ್ಲಿ ಹುಟ್ಟಿದ ವಿಚಾರ ಯಾರದು? ಕಂಡಕ್ಟರನನ್ನೇ ಕೇಳಿದಳು. ಅವನು ಗಂಭೀರವಾಗಿ ಹೇಳಿದ: "ತಲಿಯಾಗ ಇಟ್ಕೊಂಡ್ರ ನಿಮ್ದು. ಟಾಪ್ ಮ್ಯಾಲ ಹಾಕಿದ್ರ ಲಗೇಜ್ ಆಗ್ತದ."

ಹೀಗಿರುವಾಗ, ದೇವದುರ್ಗದಲ್ಲಿ ಯಾರೋ ಹೆಂಗಸು ಥೇಟ್ ಅಂಥದೇ ಕಿಸೆ ಹೊಲಿಯುತ್ತಿದ್ದಾಳೆಂಬ ಸುದ್ದಿ ಬಂತು. ಮಾಲಕ ಕೆಂಡವಾದ. ಸಾಕ್ಷಿಗೆಂದು ಚಿಗವ್ವನನ್ನು ಕರೆದುಕೊಂಡು ಹೊರಟ. ತಮಾಷೆ ನೋಡಲು ನಾನೂ ಹೋದೆ. ಆ ಹೆಂಗಸು ಹೊಲಿಗೆ ಮಷೀನಿನಿಂದ ಏಳಲೂ ಇಲ್ಲ. ಗಿರಾಕಿಯೊಬ್ಬಳು ತಂದ ಲಂಗದ ಹೊಲಿಗೆ ಬಿಚ್ಚಿ ನೋಡಿ ಕಲಿತದ್ದನ್ನು ತಾನಾಗಿಯೇ ಒಪ್ಪಿಕೊಂಡು, "ಅದರ ಮ್ಯಾಲ ನಿಮ್ಮ ಹೆಸರು ಬರದಾದೇನ್ರೀ?" ಎಂದಳು. ಅಂಗಡಿಯ ಬೋರ್ಡಿನ ಮಾತೆತ್ತಿದರೆ, ಬೋರ್ಡು ತಾನೂ ಬರೆಸಬಲ್ಲೆ ಎಂದಳು. ಮಾಲಕ ತಡವರಿಸಿದ. ಕೊನೆಗೆ ಚಿಗವ್ವನತ್ತ ಕೈ ತೋರಿಸಿ ಅಂದುಬಿಟ್ಟ:

"ಈ ಯವ್ವನ ತಲಿಯಾಗ ಹುಟ್ಟಿದ್ದರೀ ಅದು. ಬೇಕಾದ್ರ ಇವ್ರನ್ನೇ ಕೇಳ್ರಿ."

ಅಂದಮೇಲೆ ತಾನೇನು ಅಂದೆನೆಂದು ಅವನಿಗೇ ಕೇಳಿಸಿರಬೇಕು.

ಚಿಗವ್ವ ನಗಲಿಲ್ಲ. ಆ ಹೆಂಗಸು ಹೊಲಿದ ಕಿಸೆಯನ್ನು ಹೊರಳಿಸಿ ನೋಡಿದಳು. ಮುಚ್ಚಳ ತಿರುವುಮುರುವಾಗಿತ್ತು, ಬಗ್ಗಿದರೆ ಫೋನು ಬೀಳುವುದು ಖಾತ್ರಿ. ಆಕೆಯನ್ನು ಏಳಿಸಿ ತಾನೇ ಮಷೀನಿನ ಮೇಲೆ ಕೂತು, ಬಿಚ್ಚಿ, ನಿಧಾನವಾಗಿ ಹೊಲಿದು ತೋರಿಸಿದಳು. ಹೀಗೆ ಊರಿಗೆಲ್ಲ ಹಂಚಿದರೆ ಹೇಗೆಂದು ಮಾಲಕ ಗೋಗರೆದ.

"ಇದು ದೇವದುರ್ಗ, ಮಾಲಕ್ರೀ. ಇಲ್ಲಿ ನನ್ನ ತಲಿ ನಂದೇ ಅದ."

ಕೆಲವೇ ದಿನಗಳಲ್ಲಿ ರಾಯಚೂರಿನ ಬೋರ್ಡು ಇಳಿಯಿತು. ಪ್ರತಿ ಕಿಸೆಯ ಮೇಲೆ ಹೆಸರಿನ ಪಟ್ಟಿ ಹೊಲಿಯೋಣ, ಯಾವ ಹೆಸರು ಹಾಕಿಸಲಿ ಹೇಳಿರೆಂದು ಅವನೇ ಕೇಳಿದ. ಚಿಗವ್ವ ಹೇಳಿದಳು. ರಸ್ತೆ ದಾಟುವುದನ್ನು ಮಾತ್ರ ಬಿಟ್ಟಿಲ್ಲ. ರೂಢಿಯಾಗಿದೆ, ಚಹಾನೂ ಚಲೋ ಇರುತ್ತದಂತೆ!

ಪಟ್ಟಿ ಹೊಲಿದ ಮೊದಲ ಲಂಗವನ್ನು ಮನೆಗೆ ತಂದು ಅವ್ವನ ಮಡಿಲಿಗೆ ಹಾಕಿದಳು. ಅವ್ವನಿಗೆ ಓದು ಬರುವುದಿಲ್ಲ. ಏನು ಬರೆದಿದೆ ಎಂದು ನನ್ನತ್ತ ಚಾಚಿದಳು. ನೋಡಿದರೆ, ಅವ್ವನದೇ ಹೆಸರು.

"ನನಗ ಸೂಜಿ ಹಿಡಿಯೋದು ಕಲಿಸಿದಾಕಿ ಆಕೀನ ಅಲ್ಲೇನು" ಎಂದು ಚಿಗವ್ವ ಒಳಗೆ ಹೋಗಿಬಿಟ್ಟಳು.

ನಾನು ಹೆಸರನ್ನು ಓದಿ ಹೇಳಿದೆ. ಅವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಓದು" ಎಂದಳು.