ಸರ್ಕಾರಕ್ಕೆ ಬೇಡವಾದ ಗಂಡ

ಬೈಯುವುದಕ್ಕೆ ಸರ್ಕಾರದಷ್ಟು ಅನುಕೂಲವಾದ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಹೆಂಡತಿಯನ್ನು ಬೈದರೆ ಅಂದಿನ ಊಟಕ್ಕೆ ಸಂಚಕಾರ. ಮಗಳನ್ನು ಬೈದರೆ ಅವಳು ಇಂಗ್ಲಿಷಿನಲ್ಲಿ ವಾದಕ್ಕೆ ನಿಲ್ಲುತ್ತಾಳೆ; ನನ್ನ ಇಂಗ್ಲಿಷಿಗೆ ಅಷ್ಟು ವೇಗವಿಲ್ಲ. ನೆರೆಯವರನ್ನು ಬೈಯೋಣವೆಂದರೆ ಪಾಪ, ಅವರು ಕಾರಿನೊಳಗಿನಿಂದ ಕೈಬೀಸುವುದು ಬಿಟ್ಟು ನಮಗೆ ಬೇರೇನೂ ಮಾಡುವುದಿಲ್ಲ. ಸರ್ಕಾರ ಮಾತ್ರ ಎಷ್ಟು ಬೈದರೂ ತುಟಿಪಿಟಕ್ಕೆನ್ನದೆ ಇರುತ್ತದೆ. ಅದರಲ್ಲೂ ನಾನು ಸರ್ಕಾರದ ಪ್ರಯೋಗಾಲಯದಲ್ಲೇ ಕೆಲಸ ಮಾಡುವವನು. ಹೀಗಾಗಿ ಉಂಡ ಮನೆಯ ಜಂತೆ ಎಣಿಸುವ ಸುಖವೂ ಜೊತೆಗೆ ಸಿಗುತ್ತದೆ.

ಈ ವಿದ್ಯೆಯಲ್ಲಿ ನನಗೊಬ್ಬಳು ಪ್ರತಿಸ್ಪರ್ಧಿ ಇದ್ದಾಳೆ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಕ್ಕ ಸರೋಜಕ್ಕ. ನಾವು ಹುಬ್ಬಳ್ಳಿ ಕಡೆಯವರು. ಅಕ್ಕ ಡಾಕ್ಟರಾಗಿ ಬ್ರಿಟನ್ ಸೇರಿದಳು, ನಾನು ಎಂಜಿನಿಯರಾಗಿ ಅಮೆರಿಕದ ಜರ್ಮನ್‌ಟೌನ್ ಸೇರಿದೆ. ಪ್ರತಿ ರವಿವಾರ ಫೋನಿನಲ್ಲಿ ನಮ್ಮಿಬ್ಬರಿಗೂ ಒಂದೇ ಚರ್ಚೆ: ಯಾರ ಸರ್ಕಾರ ಹೆಚ್ಚು ಕೆಟ್ಟದ್ದು? "ತಮ್ಮಾ, ಇಲ್ಲೆ ಕಸದ ಗಾಡಿಯವರು ಮುಷ್ಕರ ಹೂಡ್ಯಾರ. ಮನಿ ಮುಂದ ಇಲಿಗೋಳು ವಾಕಿಂಗ್ ಹೊಂಟಾವ" ಎಂದು ಅಕ್ಕ ಶುರು ಮಾಡುತ್ತಾಳೆ. ನಾನು ಸುಮ್ಮನಿರುತ್ತೇನೆಯೇ? "ಇಲ್ಲೆ ತತ್ತಿ ಡಬ್ಬಿ ತುಟ್ಟಿಯಾಗಿ, ಬಂಗಾರದ ಅಂಗಡ್ಯಾಗ ನೋಡಿ ಬಂದಂಗ ನೋಡಿ ಬರೋದಾಗೈತಿ" ಎನ್ನುತ್ತೇನೆ. "ನಿನಗ ತತ್ತಿ ಚಿಂತಿ. ನಾವು ಹೀಟರ್ ಬಿಲ್ಲಿಗೆ ಅಂಜಿ, ಕೌದಿ ಹೊದ್ದು ಟಿವಿ ನೋಡ್ತೀವಿ. ಟಿವಿಯೊಳಗ ಏನು? ನಾಳೆ ಟ್ರೇನ್ ಇಲ್ಲ ಅಂತ ಸುದ್ದಿ." ಇಷ್ಟಾದ ಮೇಲೆ ಅವಳು ತನ್ನ ಬ್ರಹ್ಮಾಸ್ತ್ರ ತೆಗೆಯುತ್ತಾಳೆ. ಅವರ ಆಸ್ಪತ್ರೆಯ ಡಾಕ್ಟರುಗಳೂ ಮುಷ್ಕರ ಮಾಡಿದ್ದರು. ಬಿಪಿ ಮಾತ್ರೆ ನುಂಗುವ ನಮ್ಮ ಸರೋಜಕ್ಕ ಚಳಿಯಲ್ಲಿ ಬೋರ್ಡು ಹಿಡಿದು ಗೇಟಿನ ಮುಂದೆ ನಿಂತಿದ್ದಳು. ಬಹಳಷ್ಟು ರವಿವಾರ ಅವಳೇ ಗೆಲ್ಲುತ್ತಿದ್ದಳು.

ಹೀಗಿರುವಾಗ ಒಂದು ವರ್ಷ, ಎಲೆ ಉದುರುವ ಕಾಲದಲ್ಲಿ, ಇಲ್ಲಿಯ ಸರ್ಕಾರ ತಾನೇ ಬಾಗಿಲು ಹಾಕಿಕೊಂಡಿತು. ದೊಡ್ಡವರೆಲ್ಲ ಸೇರಿ ಬಜೆಟ್ಟಿನ ಮೇಲೆ ಜಗಳವಾಡಿದರು, ಹಣ ಮಂಜೂರಾಗಲಿಲ್ಲ. ಅತ್ಯಗತ್ಯ ಎನಿಸಿಕೊಂಡವರು ಸದ್ಯಕ್ಕೆ ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು, ಅತ್ಯಗತ್ಯವಲ್ಲದವರು ಸಂಬಳವಿಲ್ಲದೆ ಮನೆಯಲ್ಲಿರಬೇಕು ಎಂದಾಯಿತು. ನಾನು ಎರಡನೆಯ ಗುಂಪಿಗೆ ಬಿದ್ದೆ. ಆದರೂ ಆ ರವಿವಾರ ಭಾರೀ ಹುರುಪಿನಿಂದ ಫೋನು ಹಚ್ಚಿದೆ. "ಅಕ್ಕಾ, ನಿಮ್ಮಲ್ಲೆ ಜನಾ ಮುಷ್ಕರ ಮಾಡ್ತಾರ. ನಮ್ಮಲ್ಲೆ ಸರ್ಕಾರನ ಮುಷ್ಕರ ಹೂಡೈತಿ. ಈ ವಾರ ನಾ ಗೆದ್ದೆ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಒಂದು ಮಾತು ಕೇಳಿದಳು. "ಅಲ್ಲೋ ತಮ್ಮಾ, ನಾ ಒಂದಿನ ದವಾಖಾನಿಗೆ ಹೋಗಲಿಲ್ಲಾಂದ್ರ ಹತ್ತು ಮಂದಿಗೆ ತ್ರಾಸ ಆಗ್ತೈತಿ. ಅದಕ್ಕ ನಮ್ಮ ಮುಷ್ಕರಕ್ಕ ಕಿಮ್ಮತ್ತು. ನೀ ಹೋಗಲಿಲ್ಲಾಂದ್ರ ಏನಾಗ್ತೈತಿ?"

ಅವಳು ಕೇಳಿದ್ದು ಚೇಷ್ಟೆಗೆ. ಆದರೆ ಅದು ನನಗೆ ನಟ್ಟಿತು. ನಾನು ಮಾಡುವುದು ಅಳತೆಯ ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವ ಕೆಲಸ. ನಾನು ಹೋಗದಿದ್ದರೂ ಅವು ತಮ್ಮ ಪಾಡಿಗೆ ಅಳೆಯುತ್ತಲೇ ಇದ್ದವು. ನನ್ನಂಥವರೆಲ್ಲ ಮನೆಯಲ್ಲಿ ಕೂತದ್ದರಿಂದ ಟೂ-ಸೆವೆಂಟಿ ಹೆದ್ದಾರಿ ಖಾಲಿಯಾಗಿ, ಆಫೀಸಿಗೆ ಬೇಗ ಮುಟ್ಟುತ್ತೇವೆಂದು ಖಾಸಗಿ ಕಂಪನಿಯ ಗೆಳೆಯರು ಖುಷಿಪಟ್ಟರು. ನನ್ನ ಗೈರುಹಾಜರಿಯಿಂದ ಲೋಕಕ್ಕಾದದ್ದು ಅದೊಂದೇ.

ಹಾಗೆಂದು ನಾವೇನೂ ಉಪವಾಸ ಬೀಳಲಿಲ್ಲ. ನನ್ನ ಹೆಂಡತಿ ಗಿರಿಜಾ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ, ಅವಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಆದರೆ ಮನುಷ್ಯನಿಗೆ ಹಸಿವು ಅನ್ನಕ್ಕೊಂದೇ ಅಲ್ಲವಲ್ಲ. ನಾನು ದಿನವೂ ಎಂದಿನಂತೆ ಎದ್ದು, ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಡೈನಿಂಗ್ ಟೇಬಲ್ಲಿನ ಮುಂದೆ ಕೂರುತ್ತಿದ್ದೆ. "ರೀ, ಸ್ವಲ್ಪ ಸೈಲೆಂಟಾಗಿ ಇರ್ರಿ, ಮೀಟಿಂಗ್ ಐತಿ" ಎನ್ನುತ್ತಿದ್ದಳು ಗಿರಿಜಾ. ನಾನು ಉಸಿರಾಡುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಒಂದು ದಿನ ಮಸಾಲೆ ಡಬ್ಬಿಗಳನ್ನೆಲ್ಲ ತೂಕದ ಪ್ರಕಾರ ಜೋಡಿಸಿಟ್ಟೆ. ಅಂದು ಸಾರಿಗೆ ಖಾರದಪುಡಿಯ ಬದಲು ಮೆಂತ್ಯದ ಪುಡಿ ಬಿದ್ದು ಮೂವರೂ ಮೊಸರನ್ನದ ಮೇಲೆ ದಿನ ಕಳೆದೆವು. ಹೈಸ್ಕೂಲಿಗೆ ಹೋಗುವ ಮಗಳು ಅನ್ವಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ವೈ ಆರ್ ಯು ಡ್ರೆಸ್ಡ್? ನಿಮ್ಮ ಆಫೀಸ್ ಕ್ಲೋಸ್ ಇದೆ ಅಲ್ವಾ?" ಎಂದಳು. ಆಮೇಲೆ ತಾಯಿಯ ಹತ್ತಿರ ಹೋಗಿ ಮೆಲ್ಲಗೆ, "ಅಮ್ಮಾ, ಅಪ್ಪ ಈಸ್ ಸ್ಯಾಡ್" ಎಂದದ್ದೂ ಕೇಳಿಸಿತು. ಹುಡುಗಿ ಹೇಳಿದ್ದು ನಿಜ. ನನಗೆ ದುಃಖವಾಗಿತ್ತು. ಇಷ್ಟು ವರ್ಷ ದುಡಿದವನಿಗೆ, ನೀನಿಲ್ಲದಿದ್ದರೂ ನಡೆಯುತ್ತದೆ ಎಂದು ಯಾರೋ ಹೇಳಿಬಿಟ್ಟರೆ ಆಗುವ ದುಃಖ. ಮರುದಿನದಿಂದ ನಾನು ಗಡ್ಡ ಹೆರೆಯುವುದನ್ನು ಬಿಟ್ಟೆ.

ಆಗಲೇ ನಮ್ಮ ಮನೆ ಕೆಡತೊಡಗಿತು.

ಮೊದಲು ಅಡುಗೆಮನೆಯ ಕಪಾಟಿನ ಹಿಡಿಕೆ. "ರೀ, ಸ್ವಲ್ಪ ಬರ್ರಿ. ಇದು ಕೈಯಾಗನ ಬಂತು ನೋಡ್ರಿ" ಎಂದು ಗಿರಿಜಾ ಕರೆದಳು. ಸ್ಕ್ರೂಡ್ರೈವರ್ ಹುಡುಕಿ ಸರಿಮಾಡಿಕೊಟ್ಟೆ. ಮರುದಿನ ಬಚ್ಚಲಮನೆಯ ಟವೆಲ್ಲಿನ ಸರಳು ಜೋತುಬಿತ್ತು. ಅದಾದ ಮೇಲೆ ಕುರ್ಚಿಯ ಕಾಲು ಅಲುಗಾಡಿತು, ಬಾಣಲೆಯ ಹಿಡಿ ಸಡಿಲವಾಯಿತು. ನಾನು ಇಷ್ಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಆಫೀಸಿನಲ್ಲಿರುವಾಗ ಈ ಮನೆ ಹೇಗೆ ನಿಂತಿತ್ತೋ ಎಂದು ನನಗೇ ಆಶ್ಚರ್ಯ! "ನೀವು ಮನ್ಯಾಗ ಇದ್ದದ್ದು ಛಲೋ ಆತು ನೋಡ್ರಿ. ಇಲ್ಲಾಂದ್ರ ನಾ ಒಬ್ಬಾಕಿ ಏನ್ ಮಾಡ್ತಿದ್ದೆ" ಎಂದು ಗಿರಿಜಾ ಪ್ರತಿಸಲವೂ ಚಹಾ ಮಾಡಿ ಕೊಟ್ಟಳು. ನಾನು ಮತ್ತೆ ಗಡ್ಡ ಹೆರೆಯತೊಡಗಿದೆ. ಈ ದೇಶದ ಬಡಗಿಗಳ ಬಗ್ಗೆ, ಕಟ್ಟಿಗೆಯ ಹೊಟ್ಟು ಒತ್ತಿ ಮಾಡಿದ ಹಲಗೆಯ ಬಗ್ಗೆ ಮಗಳಿಗೆ ದೀರ್ಘವಾಗಿ ಉಪನ್ಯಾಸ ಕೊಟ್ಟೆ. ರವಿವಾರ ಅಕ್ಕನಿಗೂ ಹೇಳಿದೆ: "ಅಕ್ಕಾ, ನಾ ಇರಲಿಲ್ಲಾಂದ್ರ ಈ ಮನಿ ಬಿದ್ದಹೋಗ್ತಿತ್ತು." "ಹೌದೇನೋ? ಗಿರಿಜಾ ಪುಣ್ಯಾ ಮಾಡ್ಯಾಳ" ಎಂದು ಅಕ್ಕ ನಕ್ಕಳು. ಆ ನಗೆ ಯಾಕೋ ಸ್ವಲ್ಪ ಉದ್ದವಾಯಿತು ಎನ್ನಿಸಿತು. ಆದರೆ ಗೆದ್ದವನು ಅಂಥದ್ದನ್ನೆಲ್ಲ ಗಮನಿಸುವುದಿಲ್ಲ.

ಒಂದು ಬೆಳಿಗ್ಗೆ ವಾಕಿಂಗಿಗೆ ಹೊರಟವನು, ಟೋಪಿ ಮರೆತೆನೆಂದು ಅರ್ಧ ದಾರಿಯಿಂದ ಮರಳಿದೆ. ಅಡುಗೆಮನೆಯಲ್ಲಿ ಗಿರಿಜಾ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು. ಕಿವಿಗೆ ಹೆಡ್‌ಸೆಟ್ಟು. ಕಟ್ಟೆಯ ಮೇಲೆ ಲ್ಯಾಪ್‌ಟಾಪಿನಲ್ಲಿ ಮೀಟಿಂಗು ನಡೆದಿತ್ತು. "ಯೆಸ್, ಸೌಂಡ್ಸ್ ಗುಡ್" ಎನ್ನುತ್ತಲೇ ಅವಳು ಬೆಣ್ಣೆ ಹಚ್ಚುವ ಚಾಕುವಿನಿಂದ ಕಪಾಟಿನ ಬಾಗಿಲಿನ ಸ್ಕ್ರೂ ಬಿಚ್ಚುತ್ತಿದ್ದಳು. ಹಿಂದಿನ ದಿನ ನಾನೇ ಬಿಗಿದಿದ್ದ ಸ್ಕ್ರೂ. ಅಳತೆಯ ಮನುಷ್ಯ ಬಿಗಿದದ್ದು, ಸುಲಭಕ್ಕೆ ಬಂದೀತೇ? ಚಾಕು ಜಾರಿತು. ಅವಳು ಕೈ ಕೊಡವಿ, ಬೆರಳಿಗೆ ಉಫ್ ಎಂದು ಊದಿಕೊಂಡು, ಮತ್ತೆ ಚಾಕು ಹಚ್ಚಿದಳು.

ಮೊದಲು ನನಗೆ ನಾಚಿಕೆಯಾಯಿತು. ಅಂದರೆ ಆ ಹಿಡಿಕೆ, ಆ ಸರಳು, ಆ ಕುರ್ಚಿ, ಆ ಉಪನ್ಯಾಸ, ಅಕ್ಕನ ಆ ಉದ್ದ ನಗೆ! ಸಿಟ್ಟೂ ಬರಬೇಕಿತ್ತು. ಆದರೆ ಅವಳು ಬೆರಳಿಗೆ ಊದಿಕೊಂಡದ್ದನ್ನು ನೋಡಿದ ಮೇಲೆ ಅದು ಬರಲಿಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆರೆಯಲೂ ನನ್ನನ್ನು ಕರೆಯುವವಳು, ನನಗೊಂದು ಕೆಲಸ ಕೊಡಲು ಒಳ್ಳೆಯ ಮನೆಯನ್ನು ದಿನಾ ಬಿಚ್ಚುತ್ತಿದ್ದಳು. ಬೆಕ್ಕಿನಂತೆ ಹಿಂದೆ ಸರಿದು ಹೊರಗೆ ಹೋದೆ. ಟೋಪಿ ಇಲ್ಲದೆಯೇ ನಡೆದೆ. ಬರುವಾಗ ಮಾತ್ರ ಬೂಟು ಬಡಿದು, ಕೆಮ್ಮಿ, ಬಾಗಿಲನ್ನು ದಡಾರೆಂದು ಹಾಕಿ ಒಳಗೆ ಬಂದೆ.

"ಬಂದ್ರೇನ್ರಿ? ಈ ಬಾಗಲಾ ನೋಡ್ರಿ, ಜೋತಾಡ್ಲಿಕತ್ತೈತಿ."

"ಮತ್ತನ? ಥತ್, ಎಂಥಾ ಕಟಗಿ ಹಾಕ್ಯಾರೋ ಏನೋ" ಎಂದು ಸ್ಕ್ರೂಡ್ರೈವರ್ ತಂದೆ. ಅವಳ ತೋರುಬೆರಳಿಗೆ ಬ್ಯಾಂಡೇಡ್ ಇತ್ತು. "ಏನಾತು?" ಎಂದರೆ "ಈರುಳ್ಳಿ ಹೆಚ್ಚೂ ಮುಂದ" ಎಂದಳು. ಅಂದಿನಿಂದ ನಾನು ಯಾವ ಸ್ಕ್ರೂವನ್ನೂ ಪೂರ್ತಿ ಬಿಗಿಯಲಿಲ್ಲ. ತಿರುಗಿಸುವಂತೆ ಮಾಡಿ, ಗೊಣಗಿ, ಬೆವರು ಒರೆಸಿಕೊಂಡು, ಕೊನೆಗೆ ಸ್ವಲ್ಪ ಸಡಿಲ ಬಿಡುತ್ತಿದ್ದೆ. ಮರುದಿನ ಅವಳ ಕೈಗೆ ನೋವಾಗಬಾರದಲ್ಲ. ಹೀಗೆ ನಾವಿಬ್ಬರೂ ಸೇರಿ ಮನೆಯನ್ನು ಬಹಳ ಪ್ರೀತಿಯಿಂದ ಹಾಳು ಮಾಡಿದೆವು.

ಕೊನೆಗೊಂದು ದಿನ ಸರ್ಕಾರ ಬಾಗಿಲು ತೆರೆಯಿತು. ಹೆದ್ದಾರಿ ಮತ್ತೆ ತುಂಬಿತು, ನಾನೂ ಅದರಲ್ಲೊಂದು ಕಾರಾದೆ. ಪ್ರಯೋಗಾಲಯದಲ್ಲಿ ಎಲ್ಲರೂ ಕೈಕುಲುಕಿದರು. ಯಂತ್ರಗಳು ನನ್ನನ್ನು ಗುರುತಿಸಿದಂತೆ ಕಾಣಲಿಲ್ಲ. ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚುವಷ್ಟರಲ್ಲಿ ಗಿರಿಜಾಳ ಫೋನು ಬಂತು. ದನಿಯಲ್ಲಿ ಗಾಬರಿ.

"ರೀ, ಕಪಾಟಿನ ಬಾಗಲಾ ಬಿತ್ರೀ. ಈ ಸಲ ಖರೇನ ಬಿತ್ತು!"

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆದಿರಬೇಕು. ನಾನು ರೊಟ್ಟಿಯ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದೆ. ಈ ಸಲ ಅಂದ್ರ ಏನು ಎಂದು ಕೇಳಬಹುದಿತ್ತು. ಆದರೆ ಕೇಳುವವನಿಗೆ ಆ ಸ್ಕ್ರೂವನ್ನು ಸಡಿಲ ಬಿಟ್ಟವರು ಯಾರೆಂಬುದೂ ಗೊತ್ತಿತ್ತಲ್ಲ.

"ಕಾಲ ಮ್ಯಾಲೆ ಬೀಳಲಿಲ್ಲ ಹೌದಿಲ್ಲೋ?" ಎಂದೆ.

"ಇಲ್ರಿ. ಲಗೂ ಬರ್ರಿ" ಎಂದಳು.

ಅರ್ಧ ದಿನ ರಜೆ ಹಾಕಿ ಹೊರಟುಬಿಟ್ಟೆ. ಸರ್ಕಾರಕ್ಕೆ ಗೊತ್ತೂ ಆಗಲಿಲ್ಲ.