ಒಂದು ಚುಚ್ಚುವ ಕ್ರಿಯಾಪದ

ಆಳಂದದಲ್ಲಿ ಇಂಗ್ಲಿಷಿನ ಒಂದು ಕ್ರಿಯಾಪದ ಹದ್ದು ಮೀರಿದ್ದು, ಪರಿಸ್ಥಿತಿ ಗಂಭೀರವಾಗಿದೆ. ಪದದ ಹೆಸರು ‘ಪೋಕ್’. ಕಲಿಯುವವರಿಗಿಂತ ಕಲಿಸುವವರೇ ಹೆಚ್ಚಾಗಿರುವ ಊರಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಈ ಸಲ ಒಬ್ಬರ ಮದುವೆಯೇ ಅದರ ಬಾಯಿಗೆ ಸಿಕ್ಕಿತು.

ಪಾಠ

ಮದುವೆ ನಮ್ಮ ಇಂಗ್ಲಿಷ್ ಸರ್ ಅವರದು. ಅವರೂ ನಾನೂ ಒಂದೇ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತೇವೆ. ನನ್ನದು ಕನ್ನಡವಾದ್ದರಿಂದ ಫ್ಯಾನ್ ಇಲ್ಲದ ಕೋಣೆ. ಜೇವರ್ಗಿಯ ಹುಡುಗಿ ಒಪ್ಪಿದ್ದಳು, ನಿಶ್ಚಯ ಮಾತ್ರ ಬಾಕಿ. ಆ ಸಂತೋಷದಲ್ಲಿ ಸರ್ ದಿನಕ್ಕೊಂದು ಕ್ರಿಯಾಪದವನ್ನು ಬಿಡಿಸಿ ಹೇಳತೊಡಗಿದರು.

“ಪೋಕ್ ಅಂದ್ರ ಬೆರಳಿಲೆ ತಿವಿಯೋದು. ಒಲಿ ಕೆದಕಿದ್ರೂ ಪೋಕ್. ಮಂದಿ ವ್ಯವಹಾರದಾಗ ಮೂಗು ತೂರಿಸಿದ್ರೂ ಪೋಕ್. ಚೇಷ್ಟಿ ಮಾಡಿದ್ರೂ ಪೋಕ್.”

ಖಜೂರಿಯಿಂದ ಕಲಿಯಲು ಬರುವ ಲಾರಿ ಮಾಲೀಕರೊಬ್ಬರು ಮರುಕಪಟ್ಟರು: “ಇಂಗ್ಲಿಷ್‌ನವರು ಎಷ್ಟು ಬಡವರ್ರಿ ಪಾಪ! ಇಡೀ ಮನಿಗಿ ಒಂದೇ ಧೋತರ.”

ಪ್ರಯೋಗ

ಹುಡುಗಿ ಅಫಜಲಪುರದ ಒಂದು ದವಾಖಾನೆಯಲ್ಲಿ ನರ್ಸ್. ಕಲಿಸಿದ್ದನ್ನು ಪ್ರಯೋಗಿಸದಿದ್ದರೆ ವಿದ್ಯೆಗೆ ಅವಮಾನವೆಂದು ಸರ್ ಮೊಬೈಲಿನ ಜಾಲತಾಣದಲ್ಲಿ ಆಕೆಯ ಪುಟ ಹುಡುಕಿ, ಅಲ್ಲಿದ್ದ ‘ಪೋಕ್’ ಎಂಬ ಗುಂಡಿ ಒತ್ತಿದರು. ಗೆಳೆಯರ ಗಮನ ಸೆಳೆಯಲು ಇಟ್ಟ ಗುಂಡಿ ಅದು. ಆಡಲು ಮಾತಿಲ್ಲದವರಿಗೆ ಬಹಳ ಅನುಕೂಲ. ಉತ್ತರ ಬರಲಿಲ್ಲ. ಮತ್ತೆ ಒತ್ತಿದರು. ಕೋಳಿ ಕಾಳು ಕುಕ್ಕಿದಂತೆ ಒತ್ತುತ್ತಲೇ ಇದ್ದ ಮೇಲೆ ಆಕೆಯ ಮೆಸೇಜು ಬಂತು:

“ಮುಂಜಾನಿಂದ ಮಂದಿಗಿ ಸೂಜಿ ಚುಚ್ಚೇ ಸಾಕಾಗ್ಯಾದ್ರಿ. ನಿಮಗೂ ಬೇಕಿದ್ರ ಚೀಟಿ ಮಾಡಸ್ಕೊಂಡು ಲೈನಿಗಿ ನಿಲ್ರಿ.”

ಸರ್ ಅದನ್ನು ನನಗೆ ತೋರಿಸಿ, “ನೋಡ್ರಿ, ಬಾ ಅಂತಾಳ!” ಎಂದರು.

ವ್ಯಾಕರಣ

ನಿಶ್ಚಯಕ್ಕೆ ಜೇವರ್ಗಿಗೆ ಹೊರಟೆವು. ಹುಡುಗಿಯ ಅಪ್ಪ ನಿವೃತ್ತ ಹವಾಲ್ದಾರರು. ಅಳಿಯ ಮರ್ಯಾದಸ್ಥನಿರಬೇಕು ಎಂಬುದೊಂದೇ ಅವರ ಷರತ್ತು. ಅದಕ್ಕೇ ಸರ್ ಅವರ ತಾಯಿ ಬಸ್ಸಿನಲ್ಲಿ ದಾರಿಯುದ್ದಕ್ಕೂ, “ಪ್ರತಿ ಮಾತಿಗಿ ‘ರಿ’ ಹಚ್ಚಪಾ, ಮರೀಬ್ಯಾಡ” ಎಂದು ಮಗನನ್ನು ತಿದ್ದುತ್ತಿದ್ದರು.

ಚಹಾ ಆಯಿತು. ಹವಾಲ್ದಾರರು ಕೇಳಿದರು: “ನಮ್ಮ ಹುಡುಗಿಗಿ ಫೋನಿನಾಗ ಏನೋ ಕಳಸಾಕತ್ತೀರಂತ. ಏನದು?”

ಸರ್ ಕೈ ಕಟ್ಟಿಕೊಂಡು ವಿನಯದಿಂದ ಹೇಳಿದರು: “ಪೋಕ್‌ರಿ.”

ಹವಾಲ್ದಾರರು ಕುರ್ಚಿ ಮುಂದೆಳೆದರು.

“ಯಾರಿಗಂದ್ರಿ?”

“ನಿಮ್ಮ ಮಗಳಿಗೇ ರಿ.”

“ಇನ್ನೊಮ್ಮಿ ಹೇಳ್ರಿ?”

“ಪೋಕ್‌ರಿ. ದಿನಾ ಅದನ್ನೇ ಕಳಸ್ತೇನ್ರಿ.”

ಹವಾಲ್ದಾರರ ಮೀಸೆ ಅಲುಗಿತು. ನಾನು ನಡುವೆ ಬಾಯಿ ಹಾಕಿದೆ: “ಪೋಕರಿ ಅಲ್ರಿ, ಬರೇ ಪೋಕ್. ರಿ ಅನ್ನೋದು ನಿಮಗ ಕೊಟ್ಟ ಮರ್ಯಾದಿ.”

“ನನ್ನ ಮರ್ಯಾದಿ ಬಾಜೂಕಿಡ್ರಿ. ಲೇ, ಪೋಕ್ ಅಂದ್ರೇನು, ಕನ್ನಡದಾಗ ಹೇಳು.”

ಭಾಷಾಂತರಕ್ಕೆ ಸರ್ ಎಂದೂ ಹಿಂಜರಿದವರಲ್ಲ. “ತಿವಿಯೋದ್ರಿ” ಎಂದು ಬೆರಳು ಚಾಚಿ ಮಾಡಿಯೂ ತೋರಿಸಿದರು.

ಒಳಕೋಣೆಯಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ಹವಾಲ್ದಾರರು ಎದ್ದು ತಮ್ಮ ಚಪ್ಪಲಿ ಹುಡುಕತೊಡಗಿದರು. ನಾವು ನಮ್ಮವನ್ನು ಹುಡುಕಲು ನಿಲ್ಲಲಿಲ್ಲ.

ನಿಶ್ಚಯ ರದ್ದಾಗಿದೆ.