ಬಿಂದಿಗೆ ಹೊತ್ತ ಮೆಂಬರು

ನಿಮ್ಮ ಮುತ್ತಾತನಿಗೆ ಮನುಷ್ಯರಿಗಿಂತ ಕಂಬಗಳ ಜೊತೆಗೇ ಮಾತು ಹೆಚ್ಚು ಎಂದರೆ ನಗುತ್ತೀರಿ. ನಗಿ ಮಕ್ಕಳೇ! ಮಾವ ಸೊಸೆಯೊಡನೆ ನೇರ ಮಾತಾಡದ ಕಾಲ ಅದು. ನಾನೋ, ಅವರ ನೆರಳು ಕಂಡರೂ ಬಾಗಿಲ ಹಿಂದೆ ಸೇರುವವಳು. ಅದಕ್ಕೆ ಅವರು ನನಗೆ ಹೇಳಬೇಕಾದ್ದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು.

“ಏನ್ಲಾ ಕಂಬ, ಸಾರಿಗೆ ಉಪ್ಪೇ ಬಿದ್ದಿಲ್ವಲ್ಲ?”

ನಾನು ಉಪ್ಪು ತಂದಿಟ್ಟರೆ, “ಅಬ್ಬಾ, ಕಂಬಕ್ಕೂ ಕಿವಿ ಐತೆ!”

ಇಂಥವರನ್ನು ಊರಿನ ಸುಧಾರಣೆಯ ಪಂಚಾಯಿತಿಗೆ ಮೆಂಬರು ಮಾಡಿದರೆ ಏನಾದೀತು? ಬೀದಿದೀಪ ಎಲ್ಲಿ ನೆಡಬೇಕೆಂದು ನೋಡಲು ತಲೆಯ ಮೇಲೆ ಲಾಂದ್ರ ಹೊತ್ತು ಸಂಜೆಯೆಲ್ಲ ಮೂಲೆಮೂಲೆಯಲ್ಲಿ ನಿಂತರು! ಮೂಗೂರಿನ ಗಾಡಿಯವನೊಬ್ಬ ಯಾವುದೋ ದೇವರೆಂದು ಇಳಿದು ಕೈಮುಗಿದು, ತೆಂಗಿನಕಾಯಿ ಒಡೆದು ಹೋದ. ಇವರು ಕಾಯಿಚೂರು ಅಗಿಯುತ್ತಾ ಬಂದು, “ಆ ಮೂಲೇನೇ ವಾಸಿ ಕಣ್ಲಾ ಕಂಬ” ಎಂದರು.

ಆಮೇಲೆ ಬಂತು ಬಾವಿಯ ಗಲಾಟೆ. ಸರ್ಕಾರ ಕೊಡುವುದು ಒಂದೇ ಬಾವಿ. ಪಟೇಲರಿಗೆ ಅದು ತಮ್ಮ ಮನೆಯ ಮುಂದೆ ಬೇಕು. ನಮ್ಮ ಬೀದಿಯ ಹೆಂಗಸರೋ ಹೊಳೆಗಿಳಿದು, ದಿಣ್ಣೆ ಹತ್ತಿ ನೀರು ತರುವವರು. ನರಸೀಪುರದಿಂದ ಕುದುರೆಯೇರಿ ಬಂದ ಅಮಲ್ದಾರರು ನಕ್ಷೆ ಹರಡಿ, “ನಿಮ್ಮ ಬೀದಿಗೆ ಹೊಳೆ ಒಂದು ಬೆರಳು ದೂರ ಅಷ್ಟೇ ಅಲ್ಲವೇ ಗೌಡರೇ?” ಎಂದರು.

“ನಕ್ಸೇಲಿ ಬೆರಳು ಅತ್ತಿಬುಡ್ತದೆ ಸಾ. ದಿಣ್ಣೆ ಅತ್ತೋದು ಸೊಂಟ!” ಎಂದವರೇ ಮಾವ ಖಾಲಿ ಬಿಂದಿಗೆಯೊಂದನ್ನು ಪಟೇಲರ ಮುಂದಿಟ್ಟರು. “ಒಂದ್ಸಲ ತುಂಬ್ಕಂಡ್ ಬನ್ನಿ ಪಟೇಲ್ರೇ, ಬಾವಿ ನಿಮ್ಗೇ.”

“ಥೂ, ಗಂಡಸು ಬಿಂದಿಗೆ ಒರೋದಾ?”

“ಅಂಗಾರೆ ನಾನೇ ಎಂಗಸಾಯ್ತೀನಿ ಬುಡಿ!”

ಕಚ್ಚೆ ಬಿಗಿದು ಹೊಳೆಗಿಳಿದು, ತುಂಬಿದ ಬಿಂದಿಗೆ ಸೊಂಟಕ್ಕೇರಿಸಿ ಹೊರಟೇಬಿಟ್ಟರು. ಊರೇ ದಿಣ್ಣೆಯ ಮೇಲೆ! ಹೆಂಗಸರ ಬಾಯಿಗೆಲ್ಲ ಸೆರಗು. ಅರ್ಧ ನೀರು ಪಂಚೆಗೆ, ಅರ್ಧ ನೆಲಕ್ಕೆ. ದಿಣ್ಣೆಯ ಮೇಲಿನ ಹೊಂಗೆಮರದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕುಸಿದು ಕುಳಿತು, “ಇಲ್ಲೇ ಸಾ, ಬಾವಿ” ಎಂದು ಏದುಸಿರು ಬಿಟ್ಟರು.

“ಇಲ್ಲೇ ಏಕೆ?”

“ದಿನಾ ಉಸುರು ನಿಂತೋಗೋದು ಇಲ್ಲೇಯ.”

ಅಮಲ್ದಾರರು ನಗುತ್ತಾ ನಕ್ಷೆ ಮಡಚಿದರು. ನನಗೆ ಮಾತ್ರ ನಗು ಬರಲಿಲ್ಲ. ತುಂಬು ಬಸುರಿಯಾಗಿದ್ದ ನಾನು ದಿನಾ ಬಿಂದಿಗೆ ಇಳಿಸಿ ಕೂರುತ್ತಿದ್ದದ್ದು ಆ ಕಲ್ಲಿನ ಮೇಲೆಯೇ. ಯಾರೂ ನೋಡಿಲ್ಲವೆಂದುಕೊಂಡಿದ್ದೆ.

ಬಾವಿಯಲ್ಲಿ ನೀರು ಬರುವ ಹೊತ್ತಿಗೆ ನಿಮ್ಮಪ್ಪ ತೊಟ್ಟಿಲಲ್ಲಿದ್ದ. ಮೊದಲ ದಿನ ಹಗ್ಗ ಹಿಡಿದು ಹೋದೆ. ಮಾವ ಅಲ್ಲೇ ನಿಂತಿದ್ದರು. ನನ್ನತ್ತ ತಿರುಗದೆ ರಾಟೆಗೆ ಹೇಳಿದರು: “ಲೇ ರಾಟೆ, ಬಾಣಂತಿ ಬತ್ತಾವ್ಳೆ. ಬಾರ ಎಲ್ಲ ನೀನೇ ಎಳ್ಕೋಬೇಕು ಕಣ್ಲಾ.”

ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಕೊಟ್ಟ ಮೊದಲ ಉತ್ತರ ಇದು. ನಾನೂ ರಾಟೆಯನ್ನೇ ನೋಡುತ್ತಾ ಅಂದೆ:

“ಆಗ್ಲಿ, ಮಾವ.”